ಒಂದು ಮುದ್ದೆಗೆ ಎಷ್ಟು ನೀರು

ಕಳೆದ ತಿಂಗಳು ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಕುಳಿತಿದ್ದಾಗ, ನಮ್ಮ ಬ್ಯಾಂಕಿನ ಶಾಖೆಗೆ ಹೊಸದಾಗಿ ಬಂದಿರುವ ಅಧಿಕಾರಿಯೊಬ್ಬ ಎದುರಿನ ಕುರ್ಚಿ ಎಳೆದುಕೊಂಡು ಕುಳಿತ. ಇಪ್ಪತ್ತನಾಲ್ಕರ ಹುಡುಗ, ಉತ್ತರ ಪ್ರದೇಶದ ಬಲಿಯಾ ಕಡೆಯವನು. ಅಂದು ಬೆಳಿಗ್ಗೆಯಷ್ಟೇ ಕೌಂಟರಿನಲ್ಲಿ ಕನ್ನಡ ಬಾರದ್ದಕ್ಕೆ ಗ್ರಾಹಕರೊಬ್ಬರಿಂದ ಚೆನ್ನಾಗಿ ಬೈಸಿಕೊಂಡಿದ್ದ. ಆ ವಿಷಯವನ್ನೇ ಎತ್ತುತ್ತಾನೆಂದು ನಾನು ಸಮಾಧಾನದ ಮಾತುಗಳನ್ನು ಹೊಂದಿಸಿಕೊಳ್ಳುತ್ತಿದ್ದೆ. ಅವನು ಕೇಳಿದ್ದು ಬೇರೆ. "ಸರ್, ನೀವು ನಮ್ಮ ಪಕ್ಕದ ಗಾಜಿಪುರದಲ್ಲಿ ಮೂರು ವರ್ಷ ಒಬ್ಬರೇ ಇದ್ದಿರಂತಲ್ಲ, ಹೇಗಿದ್ದಿರಿ?" ಬಾಯಲ್ಲಿದ್ದ ತುತ್ತು ನುಂಗಿ, "ಏನಿಲ್ಲಪ್ಪ, ಅಭ್ಯಾಸ ಆಗಿಬಿಡುತ್ತದೆ" ಎಂದೆ. ಅವನು ತಲೆಯಾಡಿಸಿ ಎದ್ದು ಹೋದ.

ಆ ಉತ್ತರ ಅಂದಿನಿಂದ ಹಲ್ಲಿನ ಸಂದಿಗೆ ಸಿಕ್ಕಿದ ಅಡಿಕೆ ಚೂರಿನಂತೆ ಕಿರಿಕಿರಿ ಮಾಡುತ್ತಿದೆ. 2015ರ ಜೂನ್ ತಿಂಗಳಲ್ಲಿ ನನ್ನನ್ನು ರೈಲು ಹತ್ತಿಸಲು ಬೆಂಗಳೂರಿಗೆ ಬಂದಿದ್ದ ಸೋದರಮಾವ ಕಿಟಕಿಯ ಸರಳು ಹಿಡಿದುಕೊಂಡು ಹೇಳಿದ್ದೂ ಇದೇ ಮಾತು. ಅವನು ಪಾಂಡವಪುರ ತಾಲ್ಲೂಕು ಬಿಟ್ಟು ಒಂದು ವಾರ ಹೊರಗಿದ್ದವನಲ್ಲ. ದೂರದ ಊರಿನಲ್ಲಿ ಒಂಟಿಯಾಗಿ ಬದುಕಿ ಬಂದವರು ಹೇಳುವುದು ಸಾಮಾನ್ಯವಾಗಿ ಎರಡೇ ಮಾತು. ಅಭ್ಯಾಸವಾಯಿತು ಎನ್ನುವುದು ಒಂದು, ನನ್ನ ಕಾಲ ಮೇಲೆ ನಾನು ನಿಲ್ಲುವುದನ್ನು ಕಲಿತೆ ಎನ್ನುವುದು ಇನ್ನೊಂದು. ನನ್ನ ಮಟ್ಟಿಗೆ ಎರಡೂ ನಿಜವಲ್ಲ. ಮೂರು ವರ್ಷವಾದರೂ ಅಭ್ಯಾಸವಾಗಲಿಲ್ಲ, ಮತ್ತು ನಾನು ಅಲ್ಲಿ ಕಲಿತದ್ದು ಸ್ವಂತ ಕಾಲಿನ ವಿದ್ಯೆಯೂ ಅಲ್ಲ. ನಮ್ಮ ಮನೆಯಲ್ಲಿ ನಾನು ಏನನ್ನೂ ಬಾಯಿಬಿಟ್ಟು ಕೇಳಿ ಪಡೆದವನಲ್ಲ. ಎಲ್ಲವೂ ಕೇಳುವ ಮೊದಲೇ ಬರುತ್ತಿತ್ತು. ಇನ್ನೊಬ್ಬರನ್ನು ಕೇಳುವುದು ಹೇಗೆಂಬುದನ್ನು ನಾನು ಕಲಿತದ್ದು ಗಾಜಿಪುರದಲ್ಲಿ, ಅದೂ ಬಹಳ ತಡವಾಗಿ.

ಪಾತ್ರೆ ನಿಲ್ಲುವುದಿಲ್ಲ

ಸಂಘಮಿತ್ರ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ ಕಳೆದು, ನಾಗಪುರ, ಇಟಾರ್ಸಿ, ಜಬಲ್ಪುರಗಳನ್ನು ದಾಟಿ, ಆಗಿನ್ನೂ ಮೊಘಲ್‌ಸರಾಯ್ ಎಂಬ ಹೆಸರಿದ್ದ ನಿಲ್ದಾಣದಲ್ಲಿ ನಾನು ಇಳಿದಾಗ ಜೊತೆಗಿದ್ದದ್ದು ಒಂದು ಸೂಟ್‌ಕೇಸು, ನೇಮಕಾತಿ ಪತ್ರವಿದ್ದ ಪ್ಲಾಸ್ಟಿಕ್ ಫೈಲು, ಐದು ಕಿಲೋ ರಾಗಿ ಹಿಟ್ಟು ಮತ್ತು ಒಂದು ಮುದ್ದೆ ಕೋಲು. ಕೋಲನ್ನು ಸೂಟ್‌ಕೇಸಿನೊಳಗೆ ಹಿಡಿಸಲಾಗದೆ ಕೈಯಲ್ಲೇ ಹಿಡಿದಿದ್ದೆ. ಎದುರಿನ ಸೀಟಿನ ಹಿರಿಯರೊಬ್ಬರು ಸತ್ನಾದವರೆಗೂ ಅದನ್ನೇ ನೋಡುತ್ತಿದ್ದು, ಕೊನೆಗೆ ತಡೆಯಲಾರದೆ, ನಮ್ಮ ಊರಿನ ಜನ ಅಷ್ಟೇನೂ ಕೆಟ್ಟವರಲ್ಲ ಮಗನೇ ಎಂದರು. ಅದು ಅಡಿಗೆಗೆ ಎಂದು ನನ್ನ ಹರಕು ಹಿಂದಿಯಲ್ಲಿ ವಿವರಿಸಲು ಹೋಗಿ ಸೋತೆ. ಅವರು ನಂಬಲಿಲ್ಲ.

ಗಾಜಿಪುರದಲ್ಲಿ ನನಗೆ ಸಿಕ್ಕಿದ್ದು ಹಳೆಯ ಮನೆಯೊಂದರ ಮಹಡಿಯ ಮೇಲಿನ ಕೋಣೆ. ಕೆಳಗೆ ಮನೆಯ ಒಡತಿ ಒಬ್ಬರೇ ಇರುತ್ತಿದ್ದರು. ಕೋಣೆಯ ಪಕ್ಕದಲ್ಲೇ ಮೂರಡಿ ಅಗಲದ ಅಡಿಗೆ ಕಟ್ಟೆ, ಅದರ ಮೇಲೆ ಐದು ಕಿಲೋದ ಸಣ್ಣ ಸಿಲಿಂಡರಿನ ಒಲೆ. ಮೊದಲ ಭಾನುವಾರವೇ ಮುದ್ದೆ ಮಾಡಲು ನಿಂತೆ. ಮಾಡುವ ಬಗೆ ನನಗೆ ಗೊತ್ತಿರಲಿಲ್ಲವೆಂದಲ್ಲ. ಇಪ್ಪತ್ತೈದು ವರ್ಷ ದಿನಕ್ಕೆರಡು ಹೊತ್ತು ಕಣ್ಣೆದುರೇ ನಡೆದ ಕೆಲಸ ಅದು. ನೀರು ಕುದಿಯಬೇಕು, ಒಂದು ಚಿಟಿಕೆ ಹಿಟ್ಟು ಉದುರಿಸಿ ಉಕ್ಕು ಬರಿಸಬೇಕು, ಆಮೇಲೆ ಹಿಟ್ಟನ್ನು ಗುಡ್ಡೆಯಾಗಿ ಸುರಿದು ಮುಚ್ಚಿ ಬೇಯಲು ಬಿಡಬೇಕು, ಬೆಂದ ಮೇಲೆ ಕೋಲು ಇಳಿಸಿ ಗಂಟಿಲ್ಲದಂತೆ ತೊಳಸಬೇಕು. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರೆಂದು ಅವ್ವ ಹೇಳಿ ಕಳುಹಿಸಿದ್ದಳು. ಎಲ್ಲವನ್ನೂ ಹಾಗೆಯೇ ಮಾಡಿ, ಕೋಲು ಇಳಿಸಿ ಒಂದು ಸುತ್ತು ತಿರುಗಿಸಿದೆ. ಕೋಲಿನ ಜೊತೆ ಪಾತ್ರೆಯೂ ಒಂದು ಸುತ್ತು ತಿರುಗಿತು.

ಒಂದು ಲೀಟರಿನ ಅಲ್ಯೂಮಿನಿಯಂ ಪಾತ್ರೆ ಅದು. ಎಡಗೈಯಲ್ಲಿ ಇಕ್ಕಳದಿಂದ ಬಿಗಿಯಾಗಿ ಹಿಡಿದರೆ ಅಂಚು ಬಾಗುತ್ತಿತ್ತು. ನೆಲಕ್ಕಿಳಿಸಿ ಎರಡು ಪಾದಗಳ ನಡುವೆ ಒತ್ತಿ ಹಿಡಿಯೋಣವೆಂದರೆ ಪಾದಕ್ಕೆ ಸಿಗದಷ್ಟು ಚಿಕ್ಕದು. ಅಷ್ಟು ಹೊತ್ತಿಗೆ ಬದಿಯಲ್ಲಿದ್ದ ಹಿಟ್ಟು ಹೊತ್ತಿಕೊಂಡಿತು, ನಡುವಿನದು ಹಸಿಯಾಗಿಯೇ ಉಳಿಯಿತು. ಮನೆಯಲ್ಲಿ ಅವ್ವ ತೊಳಸುತ್ತಿದ್ದದ್ದು ಎಂಟು ಮುದ್ದೆಯ ತಪ್ಪಲೆಯಲ್ಲಿ, ಆಳುಗಳು ಬಂದ ದಿನ ಹದಿನೈದರದ್ದರಲ್ಲಿ. ಅಷ್ಟು ಜನರ ಹಿಟ್ಟಿನ ಭಾರವೇ ಆ ತಪ್ಪಲೆಯನ್ನು ನೆಲಕ್ಕೆ ಕಚ್ಚಿಸಿ ನಿಲ್ಲಿಸುತ್ತಿತ್ತು ಎಂಬುದು, ಒಂದೇ ಒಂದು ಮುದ್ದೆಗೆಂದು ಇಟ್ಟ ಪಾತ್ರೆ ಬುಗುರಿಯಂತೆ ತಿರುಗುವವರೆಗೆ ನನಗೆ ಹೊಳೆದಿರಲಿಲ್ಲ. ಅನ್ನವನ್ನು ಒಬ್ಬನಿಗೆ ಮಾಡಿಕೊಳ್ಳಬಹುದು, ಚಪಾತಿಯನ್ನೂ ಮಾಡಿಕೊಳ್ಳಬಹುದು. ಮುದ್ದೆ ಒಬ್ಬನಿಗೆ ಮಾಡುವ ಅಡಿಗೆಯಲ್ಲ. (ಇಂಡಕ್ಷನ್ ಒಲೆಯ ಮೇಲೆ ಕುಕ್ಕರಿನಲ್ಲಿ ಮಾಡುವ ಉಪಾಯವೊಂದನ್ನು ಈಗ ಬೆಂಗಳೂರಿನ ಹುಡುಗರು ಕಂಡುಕೊಂಡಿದ್ದಾರಂತೆ. ನಾನು ತಿಂದು ನೋಡಿದ್ದೇನೆ. ಅದಕ್ಕೆ ಬೇರೆ ಹೆಸರಿಡುವುದು ಒಳ್ಳೆಯದು.)

ಉಳಿದ ಹಿಟ್ಟು ಅಂಬಲಿಯಾಗಿ ಒಂದಷ್ಟು ದಿನ ನಡೆಯಿತು. ಜುಲೈ ಮುಗಿಯುವಷ್ಟರಲ್ಲಿ ಕಹಿ ಹಿಡಿಯಿತು, ಹುಳು ಬಿತ್ತು. ಕೋಲು ಬಾಗಿಲ ಹಿಂದೆ ನಿಂತಿತು. ಕೋತಿ ಬಂದಾಗ ಓಡಿಸಲು ಬಳಸುತ್ತಿದ್ದೆನಾದ್ದರಿಂದ, ರೈಲಿನ ಹಿರಿಯರ ಊಹೆ ತೀರಾ ತಪ್ಪಾಗಲಿಲ್ಲ.

ಉಂಡ್ಯಾ, ಮತ್ತು ಕಟ್ಟೆಯ ಮಟ್ಟ

ದಿನವೂ ರಾತ್ರಿ ಎಂಟೂವರೆಗೆ ಮನೆಗೆ ಫೋನು. "ಉಂಡ್ಯಾ ಮಗ?" ಎಂದು ಅವ್ವ ಕೇಳುವಳು, "ಉಂಡೆ ಕಣವ್ವ" ಎಂದು ನಾನು ಹೇಳುವೆ. ಏನು ಉಂಡೆ ಎಂದು ಕೇಳಿದರೆ ಬೇಳೆ ಸಾರು, ಅನ್ನ, ಪಲ್ಯ ಎಂದು ಮೂರು ಹೆಸರು ಹೇಳುವೆ. ನಿಜವಾಗಿ ಎಷ್ಟೋ ರಾತ್ರಿ ಉಂಡದ್ದು ಬ್ರೆಡ್ಡು, ಬಾಳೆಹಣ್ಣು, ಇಲ್ಲವೇ ಬೀದಿಯ ಕೊನೆಯ ಅಂಗಡಿಯ ಎರಡು ಸಮೋಸ. ನಮ್ಮ ಸೀಮೆಯಲ್ಲಿ ಈ ಪ್ರಶ್ನೆ ಊಟದ ಬಗ್ಗೆ ಮಾತ್ರ ಅಲ್ಲ ಎನ್ನುವುದು ಎಲ್ಲರಿಗೂ ಗೊತ್ತಿರುವುದೇ. ಕುಶಲ, ಪ್ರೀತಿ, ಮುನಿಸು, ಕ್ಷಮೆ ಎಲ್ಲವೂ ಆ ಒಂದು ಮಾತಿನ ಮೂಲಕವೇ ಓಡಾಡುತ್ತವೆ. ಹಾಗಾಗಿ ನನ್ನ "ಉಂಡೆ" ಎಂಬ ಉತ್ತರವೂ ಊಟದ ಬಗ್ಗೆ ಅಲ್ಲವೆಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಆಮೇಲೆ ಅವ್ವ ಫೋನನ್ನು ಅಪ್ಪನಿಗೆ ಕೊಡುವಳು. ಅಪ್ಪ ಊಟ ಕೇಳುವವರಲ್ಲ, ಕೆಲಸ ಕೇಳುವವರೂ ಅಲ್ಲ. ಅವರು ಹೇಳುವುದು ಕನ್ನಂಬಾಡಿ ಕಟ್ಟೆಯ ಮಟ್ಟ. "ಕಟ್ಟೆ ಇವತ್ತು ಒಂದಡಿ ಏರ್ತು." "ನಿಂತ್ಬುಡ್ತು, ಒಳಹರಿವೇ ಇಲ್ಲ." ಮಂಡ್ಯ ಜಿಲ್ಲೆಯ ಕಬ್ಬು ಭತ್ತದವರಿಗೆ ಕೃಷ್ಣರಾಜಸಾಗರದ ಪೂರ್ಣ ಮಟ್ಟವಾದ 124.80 ಅಡಿ ಎಂಬ ಸಂಖ್ಯೆ ತಮ್ಮ ಮಕ್ಕಳ ಹುಟ್ಟಿದ ದಿನಕ್ಕಿಂತ ಚೆನ್ನಾಗಿ ನೆನಪಿರುತ್ತದೆ. ಮೊದಲ ವರ್ಷ ನಾನು ಇದನ್ನು ಕಾಟವೆಂದೇ ಎಣಿಸಿದೆ. ಎರಡು ಸಾವಿರ ಕಿಲೋಮೀಟರಿನಾಚೆ, ನಲ್ಲಿಯಲ್ಲಿ ನೀರಿಲ್ಲದಿದ್ದರೆ ಹ್ಯಾಂಡ್‌ಪಂಪಿಗೆ ಹೋಗುವ ನನಗೆ ಕಟ್ಟೆಯ ಅಡಿ ಕಟ್ಟಿಕೊಂಡು ಏನಾಗಬೇಕು? ಎರಡನೇ ವರ್ಷದ ಹೊತ್ತಿಗೆ, ಅಪ್ಪ ಹೇಳುವುದು ಮರೆತ ದಿನ ನಾನೇ ಕೇಳತೊಡಗಿದೆ. ಕೇಳಿದಾಗ ಅವರ ಧ್ವನಿ ಬದಲಾಗುತ್ತಿತ್ತು.

2016ರ ಆಗಸ್ಟ್‌ನಲ್ಲಿ ಗಂಗೆ ಉಕ್ಕಿ ದಡದ ಹಳ್ಳಿಗಳಿಗೆ ನುಗ್ಗಿದಳು. ನಮ್ಮ ಸಾಲಗಾರರಲ್ಲಿ ಹಲವರು ದನಗಳನ್ನು ರಸ್ತೆಯ ಮೇಲೆ ಕಟ್ಟಿಕೊಂಡು ದಿನ ಕಳೆದರು. ನೀರು ಇಳಿದು, ಗೋಡೆಗಳ ಮೇಲೆ ಕೆಸರಿನ ಗೆರೆ ಇನ್ನೂ ಹಸಿಯಾಗಿದ್ದಾಗಲೇ, ಸೆಪ್ಟೆಂಬರ್ 5ರಂದು ತಮಿಳುನಾಡಿಗೆ ಹತ್ತು ದಿನ 15,000 ಕ್ಯೂಸೆಕ್ ನೀರು ಬಿಡಬೇಕೆಂಬ ಸುಪ್ರೀಂ ಕೋರ್ಟಿನ ಆದೇಶ ಬಂತು. ಮಂಡ್ಯ ಹೊತ್ತಿಕೊಂಡಿತು, ಒಂದು ವಾರದಲ್ಲಿ ಬೆಂಗಳೂರೂ ಹೊತ್ತಿಕೊಂಡಿತು. ಅಪ್ಪ ಹೆದ್ದಾರಿಯಲ್ಲಿ ಕುಳಿತು ಬಂದಿದ್ದರು. ಶಾಖೆಯಲ್ಲಿ ಒಬ್ಬರು ಟಿವಿ ನೋಡಿ, ನಿಮ್ಮಲ್ಲಿ ನೀರಿಗೂ ಬಸ್ಸು ಸುಡುತ್ತಾರೆಯೇ ಎಂದು ನಿಜವಾದ ಆಶ್ಚರ್ಯದಿಂದ ಕೇಳಿದರು. ನಾನು ವಿವರಿಸಲು ಹೊರಟು, 1924ರ ಒಪ್ಪಂದದಿಂದ ಶುರು ಮಾಡಿ, ಎರಡನೇ ವಾಕ್ಯಕ್ಕೇ ನನ್ನ ಹಿಂದಿ ಮುಗಿದುಹೋಯಿತು. ಅಂದು ನನಗೆ ಬೇಸರವಾದದ್ದು ಅವರ ಪ್ರಶ್ನೆಗಲ್ಲ. ಸಿಟ್ಟಿನಲ್ಲಿ ಉದ್ದಕ್ಕೆ ಮಾತಾಡಲು ನನ್ನಲ್ಲಿ ಕನ್ನಡ ಮಾತ್ರ ಇತ್ತು. ಅದನ್ನು ಕೇಳಿ ತಿರುಗಿ ಬೈಯುವವರು ಒಬ್ಬರೂ ಇರಲಿಲ್ಲ. ಒಂಟಿಯಾಗಿದ್ದರೆ ಮೊದಲು ಸವೆಯುವುದು ನುಡಿ. ನನ್ನ ಕನ್ನಡ ಆಗಲೇ ಉಂಡೆ, ಹುಷಾರು, ಮಳೆ, ಕಟ್ಟೆ, ಇಡ್ಲಾ ಎಂಬ ಐದಾರು ಫೋನಿನ ಮಾತುಗಳಿಗೆ ಇಳಿದಿತ್ತು. ಅದೇ ತಿಂಗಳು ಜಿಯೋ ಬಂದು ಮಾತು ಪುಕ್ಕಟೆಯಾಯಿತು. ಕರೆಗಳು ಉದ್ದವಾದವು, ಮಾತುಗಳೇನೂ ಹೆಚ್ಚಲಿಲ್ಲ.

ಎರಡನೇ ಶನಿವಾರ

2015ರ ಸೆಪ್ಟೆಂಬರ್‌ನಿಂದ ಬ್ಯಾಂಕುಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆಯಾಯಿತು. ಶಾಖೆಯಲ್ಲಿ ಲಾಡು ಹಂಚಿದರು. ಸಂಸಾರವಿದ್ದವರು ಶುಕ್ರವಾರ ಸಂಜೆಯೇ ಬನಾರಸಿಗೋ ಲಕ್ನೋಗೋ ಹೊರಟುಬಿಡುತ್ತಿದ್ದರು. ನನಗೆ ಆ ರಜೆ ಶಿಕ್ಷೆಯಂತೆ ಬಂತು. ಒಂದು ಭಾನುವಾರವನ್ನಾದರೆ ಬಟ್ಟೆ ಒಗೆದು, ನಿದ್ದೆ ಮಾಡಿ ಕಳೆಯಬಹುದು. ಎರಡು ದಿನ ಸಾಲಾಗಿ ಬಂದರೆ ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ನಮ್ಮ ಧ್ವನಿ ಗಂಟಲಿನಲ್ಲಿ ಇದೆಯೋ ಇಲ್ಲವೋ ಎಂದು ಕೆಮ್ಮಿ ನೋಡಿಕೊಳ್ಳುವಂತಾಗುತ್ತದೆ. ಸೋಮವಾರ ಮೊದಲ ಗ್ರಾಹಕನಿಗೆ ಹೇಳುವ ನಮಸ್ತೆ ಕರ್ಕಶವಾಗಿ ಹೊರಡುತ್ತಿತ್ತು.

ಅಂಥ ಒಂದು ಶನಿವಾರ ಸುಮ್ಮನೆ ನಡೆಯುತ್ತ ಹೋಗಿ ಗಂಗೆಯ ಕಡೆಯ ಒಂದು ಉದ್ಯಾನದೊಳಗೆ ಹೊಕ್ಕೆ. ನಡುವೆ ಹನ್ನೆರಡು ಕಂಬಗಳ ಮೇಲೆ ಗುಮ್ಮಟವಿದ್ದ ದೊಡ್ಡ ಕಲ್ಲಿನ ಮಂಟಪ. ಊರಿನವರು ಅದನ್ನು ಲಾಟ್ ಸಾಹೇಬರ ಮಕ್ಬರಾ ಎನ್ನುತ್ತಾರೆ. ಪುರಾತತ್ವ ಇಲಾಖೆಯ ಫಲಕ ಓದಿದೆ: ಕಾರ್ನ್‌ವಾಲಿಸ್. ಒಂದು ಕ್ಷಣ ನಂಬಲಾಗಲಿಲ್ಲ. ನಮ್ಮ ಕಡೆಯ ಹುಡುಗರಿಗೆ ಆ ಹೆಸರು ಇತಿಹಾಸದ ಪಾಠಕ್ಕಿಂತ ಹತ್ತಿರದ್ದು. 1791ರಲ್ಲಿ ಬೆಂಗಳೂರು ಕೋಟೆ ಹಿಡಿದವನು, 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ ಟಿಪ್ಪುವಿನಿಂದ ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯನ್ನೂ ಬರೆಸಿಕೊಂಡವನು. ಆ ಹಣದ ಅಂಕಿ ತಪ್ಪಿ ಹೇಳಿದ್ದಕ್ಕೆ ಏಳನೇ ತರಗತಿಯಲ್ಲಿ ನನಗೆ ಬೆತ್ತದ ಏಟು ಬಿದ್ದಿತ್ತು. ಶ್ರೀರಂಗಪಟ್ಟಣದ ಕೋಟೆಯಲ್ಲಿ ಕ್ರಿಕೆಟ್ ಆಡಿ ಬೆಳೆದವನು ನಾನು. ಆ ಮನುಷ್ಯ ನನಗಿಂತ ಇನ್ನೂರಹತ್ತು ವರ್ಷ ಮೊದಲೇ ಬಂದು ಇಲ್ಲಿ ಮಲಗಿದ್ದ.

ಅವನು ಸತ್ತ ಬಗೆಯನ್ನು ಆಮೇಲೆ ಓದಿದೆ. ಎರಡನೇ ಬಾರಿ ಗವರ್ನರ್ ಜನರಲ್ ಆಗಿ 1805ರ ಜುಲೈ ಕೊನೆಗೆ ಕಲ್ಕತ್ತಾದಲ್ಲಿ ಇಳಿದವನು, ನದಿಯ ಮೇಲೆ ದೋಣಿಯಲ್ಲಿ ಉತ್ತರಕ್ಕೆ ಬರುತ್ತಿದ್ದಾಗ ಕಾಯಿಲೆ ಹೆಚ್ಚಿ, ಅಕ್ಟೋಬರ್ 5ರಂದು ಗಾಜಿಪುರದಲ್ಲಿ ತೀರಿಕೊಂಡ. ಅರವತ್ತಾರು ವಯಸ್ಸು. ಬಂದು ಮೂರು ತಿಂಗಳೂ ತುಂಬಿರಲಿಲ್ಲ. ನಮ್ಮ ನೆಲವನ್ನು ಹಂಚಿ ಹಾಕಿದವನ ಮೇಲೆ ಕನಿಕರ ಪಡುವಷ್ಟು ಉದಾರ ನಾನಲ್ಲ. ಆದರೂ ಆ ಕಲ್ಲಿನ ಮೆಟ್ಟಿಲ ಮೇಲೆ ಕುಳಿತರೆ, ಮೊದಲ ಬಾರಿ, 1791ರ ಮೇ ತಿಂಗಳಲ್ಲಿ, ಅವನು ಅರಕೆರೆಯ ಹತ್ತಿರ ಯುದ್ಧ ಗೆದ್ದೂ ಸೋತ ಕಥೆಯೇ ಮತ್ತೆ ಮತ್ತೆ ನೆನಪಾಗುತ್ತಿತ್ತು. ಸೈನಿಕರಿಗೆ ಕಾಳಿಲ್ಲ, ಎತ್ತುಗಳಿಗೆ ಮೇವಿಲ್ಲ; ಭಾರಿ ಫಿರಂಗಿಗಳನ್ನು ಎಳೆಯುವ ಶಕ್ತಿ ಯಾವ ಎತ್ತಿಗೂ ಉಳಿದಿರಲಿಲ್ಲವಾದ್ದರಿಂದ ಅವನ್ನು ತಾನೇ ಒಡೆಸಿಹಾಕಿ ಹಿಂದಿರುಗಿದ್ದ. ಸೈನ್ಯ, ಹಣ, ಅಧಿಕಾರ ಇದ್ದವನನ್ನೂ ದೂರದ ಊರಿನಲ್ಲಿ ಮೊದಲು ಸೋಲಿಸುವುದು ಊಟವೇ ಎಂದುಕೊಂಡರೆ, ನನ್ನ ಬುಗುರಿ ಪಾತ್ರೆಯ ಅವಮಾನ ಸ್ವಲ್ಪ ಕಡಿಮೆಯಾಗುತ್ತಿತ್ತು.

ಇನ್ನೊಂದು ನೆನಪೂ ಅಲ್ಲಿ ಕಾಡುತ್ತಿತ್ತು. ಆ ಒಪ್ಪಂದದಲ್ಲಿ ಹಣ ಸಂದಾಯವಾಗುವವರೆಗೆ ಟಿಪ್ಪುವಿನ ಇಬ್ಬರು ಪುಟ್ಟ ಮಕ್ಕಳನ್ನು ಒತ್ತೆಯಾಗಿ ಕೊಡಬೇಕಾಯಿತು. ಅವರು ಮದ್ರಾಸಿನಲ್ಲಿದ್ದು 1794ರಲ್ಲಷ್ಟೇ ಮನೆಗೆ ಮರಳಿದರು. ದರಿಯಾ ದೌಲತ್ತಿನ ಗೋಡೆಗಳ ಮೇಲೆ ಪೊಳ್ಳಿಲೂರಿನ ಯುದ್ಧದ ದೊಡ್ಡ ಚಿತ್ರವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಆದರೆ ಆ ಎರಡು ವರ್ಷ ಆ ಮಕ್ಕಳು ಯಾರ ಜೊತೆ ಉಂಡರು, ಯಾವ ಭಾಷೆಯಲ್ಲಿ ಹಸಿವೆ ಎಂದರು ಎಂಬ ಯೋಚನೆ ನನಗೆ ಊರಿನಲ್ಲಿದ್ದಾಗ ಒಮ್ಮೆಯೂ ಬಂದಿರಲಿಲ್ಲ. ದೂರ ಹೋಗುವುದರಿಂದ ನನ್ನ ತಿಳಿವಳಿಕೆಗೆ ಏನಾದರೂ ಸೇರಿದ್ದರೆ ಇಂಥವು ಸೇರಿವೆ. ಲೋಕಜ್ಞಾನ ಎಂದು ಹೇಳಿಕೊಳ್ಳುವಂಥದ್ದಲ್ಲ.

ಮೈಸೂರಿನ ಶಾಯಿ

ನೋಟು ರದ್ದಾದ 2016ರ ನವೆಂಬರ್ 8ರ ರಾತ್ರಿಯ ಬಗ್ಗೆ ಬ್ಯಾಂಕಿನವರು ಹೇಳಿದ ಕಥೆಗಳು ಸಾಕಷ್ಟಿವೆ, ನಾನು ಚುಟುಕಾಗಿ ಹೇಳುತ್ತೇನೆ. 10ರ ಬೆಳಿಗ್ಗೆ ನಾವು ಬಾಗಿಲು ತೆರೆಯುವ ಮೊದಲೇ ಸಾಲು ಬೀದಿಯ ತಿರುವು ದಾಟಿತ್ತು. ಆ ವಾರದ ಶನಿವಾರ, ಭಾನುವಾರ ಎರಡೂ ದಿನ ಕೆಲಸ. ಸಿಬ್ಬಂದಿ ಕಡಿಮೆಯಿದ್ದುದರಿಂದ ನನ್ನನ್ನೂ ನಗದು ಎಣಿಸಲು ಕೂರಿಸಿದರು. ನಾನು ಎಣಿಸುವುದು ಕನ್ನಡದಲ್ಲಿ. ಬೇರೆಲ್ಲವನ್ನೂ ಹಿಂದಿಯಲ್ಲಿ ಮಾಡಲು ಕಲಿತಿದ್ದೆ, ಎಣಿಕೆಯನ್ನು ಮಾತ್ರ ಕಲಿಯಲಾಗಲಿಲ್ಲ; ಹಿಂದಿಯ ಉನಾಸಿ ಎಂದರೆ ಎಪ್ಪತ್ತೊಂಬತ್ತು, ನವಾಸಿ ಎಂದರೆ ಎಂಬತ್ತೊಂಬತ್ತು, ಅವೆರಡರ ನಡುವೆ ಎಡವಿ ಒಂದು ಸಂಜೆ ಲೆಕ್ಕ ತಪ್ಪಿ ಕೈಯಿಂದ ದುಡ್ಡು ಕಟ್ಟಿದ ಮೇಲೆ ಆ ಸಾಹಸವನ್ನೇ ಬಿಟ್ಟಿದ್ದೆ. ತುಟಿಯಲ್ಲೇ ತೊಂಬತ್ತೇಳು, ತೊಂಬತ್ತೆಂಟು ಎನ್ನುತ್ತಿದ್ದರೆ, ಕೌಂಟರಿನಾಚೆಯ ಮುದುಕರೊಬ್ಬರು ಹಿಂದಿನವರಿಗೆ, ಸದ್ದು ಮಾಡಬೇಡಿ, ಸಾಹೇಬರು ಮಂತ್ರ ಹೇಳುತ್ತಿದ್ದಾರೆ ಎಂದು ಗದರಿದರು. ಇಡೀ ಸಾಲು ಅರ್ಧ ನಿಮಿಷ ನಿಶ್ಶಬ್ದವಾಯಿತು. ಆ ತಿಂಗಳಲ್ಲಿ ನಮಗೆ ಸಿಕ್ಕ ಶಾಂತಿ ಅಷ್ಟೇ.

ಒಬ್ಬರೇ ಮತ್ತೆ ಮತ್ತೆ ನೋಟು ಬದಲಾಯಿಸದಂತೆ ಬೆರಳಿಗೆ ಶಾಯಿ ಹಚ್ಚಬೇಕೆಂಬ ಆದೇಶ ಬಂದ ಕೆಲವು ದಿನಗಳ ಮೇಲೆ ನಮ್ಮ ಶಾಖೆಗೆ ಸಣ್ಣ ಸೀಸೆಗಳ ಒಂದು ಪೊಟ್ಟಣ ಬಂತು. ಮ್ಯಾನೇಜರು ಒಂದನ್ನು ನನ್ನ ಮುಂದಿಟ್ಟು ಹೋದರು. ಸೀಸೆಯ ಮೇಲೆ ಮೈಸೂರು ಎಂದಿತ್ತು. ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಅರಗಿನ ಕಾರ್ಖಾನೆಯಾಗಿ ಶುರುವಾದದ್ದು, 1962ರ ಚುನಾವಣೆಯಿಂದ ಇಡೀ ದೇಶದ ಬೆರಳಿಗೆ ಗುರುತು ಹಾಕುತ್ತಿರುವುದು. ನಮ್ಮೂರಿನಿಂದ ಮೈಸೂರು ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಎರಡು ರಾತ್ರಿಯ ರೈಲಿನಾಚೆ, ನಾಲ್ಕು ನೂರು ಜನ ಒಬ್ಬರನ್ನೊಬ್ಬರು ತಳ್ಳುತ್ತಿದ್ದ ಆ ಹಾಲಿನಲ್ಲಿ, ನನ್ನ ಊರಿನ ಕಡೆಯಿಂದ ಬಂದವರೆಂದರೆ ನಾನು ಮತ್ತು ಆ ಸೀಸೆ. ಪಕ್ಕದ ಗುಮಾಸ್ತರಿಗೆ, ಇದು ನಮ್ಮ ಊರಿನದು ಎಂದೆ. ಅವರು ತಲೆಯೆತ್ತದೆ, ಒಳ್ಳೆಯದು, ಮುಚ್ಚಳ ಸರಿಯಾಗಿ ಹಾಕಿ ಎಂದರು.

ಶಾಯಿ ಬಳಸಿದ್ದು ಕೆಲವೇ ದಿನ. 24ರ ನಂತರ ಕೌಂಟರಿನಲ್ಲಿ ಬದಲಾವಣೆಯೇ ನಿಂತುಹೋಯಿತು. ಆದರೆ ಅದರಲ್ಲಿರುವ ಬೆಳ್ಳಿಯ ನೈಟ್ರೇಟ್ ಚರ್ಮಕ್ಕೆ ತಾಗಿ ಬೆಳಕು ಕಂಡರೆ ಕಪ್ಪಾಗಿ ಕಚ್ಚಿಕೊಳ್ಳುತ್ತದೆ, ತೊಳೆದರೆ ಹೋಗುವುದಿಲ್ಲ. ಇನ್ನೊಬ್ಬರ ಬೆರಳಿಗೆ ಹಚ್ಚುತ್ತ ನನ್ನ ಹೆಬ್ಬೆರಳು ತೋರುಬೆರಳುಗಳೂ ಕಪ್ಪಾಗಿದ್ದವು. ಡಿಸೆಂಬರಿನ ಮಂಜಿನಲ್ಲಿ ಸ್ಟವ್ ಹಚ್ಚುವಾಗ, ಹಲ್ಲುಜ್ಜುವಾಗ ಆ ಕಲೆ ಕಣ್ಣಿಗೆ ಬೀಳುತ್ತಿತ್ತು. ಉಗುರು ಬೆಳೆದು ಕತ್ತರಿಸಿ ಹೋಗುವವರೆಗೆ ಹೊಸ ವರ್ಷವೇ ಬಂದಿತ್ತು. ಕೊನೆಯ ಚೂರು ಹೋದ ದಿನ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ನನಗೆ ಸ್ವಲ್ಪ ನಷ್ಟವಾದಂತೆ ಅನಿಸಿತು.

ಕುಕ್ಕರು ಕೂಗಲಿಲ್ಲ

ಮನೆಯ ಒಡತಿಯ ಬಗ್ಗೆ ಇಷ್ಟು ಹೊತ್ತು ಹೇಳದಿದ್ದದ್ದಕ್ಕೆ ಕಾರಣ, ಮೊದಲ ಎರಡು ವರ್ಷ ನಾನು ಅವರ ಜೊತೆ ಮಾತಾಡಿದ್ದೇ ಬಾಡಿಗೆಯ ದಿನ. ವಯಸ್ಸು ಅರವತ್ತರ ಮೇಲೆ. ಗಂಡ ತೀರಿಹೋಗಿದ್ದರು, ಮಗ ಸೂರತ್ತಿನಲ್ಲಿ ಕೆಲಸ. ಆ ಜಿಲ್ಲೆಯ ಎಷ್ಟೋ ಮನೆಗಳ ಗಂಡುಮಕ್ಕಳು ಸೂರತ್ತಿನಲ್ಲೋ ಮುಂಬಯಿಯಲ್ಲೋ ಇರುತ್ತಾರೆ. ನಾವು ಇಬ್ಬರು ಒಂಟಿಗಳು ಒಂದೇ ಮನೆಯ ಮೇಲೆ ಕೆಳಗೆ, ನಡುವೆ ಹದಿನಾಲ್ಕು ಮೆಟ್ಟಿಲು. ಕೇಳದೆ ಇರುವುದೇ ಮರ್ಯಾದೆ ಎಂದು ನಾನು ತಿಳಿದಿದ್ದೆ. ಉಪ್ಪು ಮುಗಿದರೆ ಉಪ್ಪಿಲ್ಲದೆ ಉಣ್ಣುವುದು, ಬಲ್ಬು ಹೋದರೆ ಕತ್ತಲೆಯಲ್ಲಿ ಮಲಗುವುದು, ಜ್ವರ ಬಂದರೆ ಕದ ಹಾಕಿಕೊಂಡು ಮೂರು ದಿನ ಹೊದ್ದು ಬಿದ್ದಿರುವುದು; ಇದಕ್ಕೆಲ್ಲ ನಾನು ಸ್ವಾವಲಂಬನೆ ಎಂಬ ಹೆಸರಿಟ್ಟುಕೊಂಡಿದ್ದೆ. ಮಂಡ್ಯದ ಗಂಡಸಿನ ಬಿಗುಮಾನ ಎನ್ನುವುದು ಅದರ ನಿಜವಾದ ಹೆಸರು.

2017ರ ಸೆಪ್ಟೆಂಬರಿನ ಒಂದು ಸಂಜೆ ಮೆಟ್ಟಿಲು ಹತ್ತುತ್ತಿದ್ದಾಗ ಅವರು ಬಾಗಿಲಲ್ಲಿ ನಿಂತು, ಊಟ ಆಯಿತೇ ಎಂದು ಕೇಳಿದರು. ಅಭ್ಯಾಸಬಲದಿಂದ, ಆಯಿತು ಅಮ್ಮಾ ಎಂದೆ. ಅವರು ನಕ್ಕರು. ನಿನ್ನೆಯೂ ಆಯಿತೆಂದೇ ಹೇಳಿದೆ, ಮೊನ್ನೆಯೂ ಹೇಳಿದ್ದೆ. ಮೂರು ದಿನದಿಂದ ನಿನ್ನ ಕುಕ್ಕರು ಒಂದು ಸಲವೂ ಕೂಗಿಲ್ಲವಲ್ಲ ಎಂದರು. ಎರಡು ವರ್ಷ ನನ್ನ ಒಲೆಯ ಮೇಲಿನ ಪ್ರತಿ ಸೀಟಿಯನ್ನೂ ಕೆಳಗೊಬ್ಬರು ಎಣಿಸುತ್ತಿದ್ದರು. ಫೋನಿನಲ್ಲಿ ನಡೆಯುವ ಸುಳ್ಳು ಒಂದೇ ಸೂರಿನಡಿ ನಡೆಯುವುದಿಲ್ಲ.

ಅವರು ಒಳಕ್ಕೆ ಕರೆದರು. ಮರುದಿನ ಜಿಉತಿಯಾ. ಆ ಸೀಮೆಯ ತಾಯಂದಿರು ಮಕ್ಕಳ ಆಯುಸ್ಸಿಗಾಗಿ ಹಗಲು ರಾತ್ರಿ ಒಂದು ಹನಿ ನೀರೂ ಮುಟ್ಟದೆ ಮಾಡುವ ಉಪವಾಸ ಅದು. ಹಿಂದಿನ ದಿನದ ಊಟಕ್ಕೂ ಅದರದೇ ಕಟ್ಟಳೆಯಿದೆ. ಅಡಿಗೆಮನೆಯಲ್ಲಿ ಅವರು ರೊಟ್ಟಿ ತಟ್ಟುತ್ತಿದ್ದರು. ಹಂಚಿನ ಮೇಲಿದ್ದ ರೊಟ್ಟಿಯ ಬಣ್ಣ ಕಂಡು ನಾನು ಹೊಸ್ತಿಲಲ್ಲೇ ನಿಂತೆ. ಕಂದುಗಪ್ಪು, ಬಿಸಿಗೆ ಅಂಚಿನಲ್ಲಿ ಸಣ್ಣ ಬಿರುಕು. ಆ ವಾಸನೆಯನ್ನು ತಪ್ಪಾಗಿ ಗುರುತಿಸಲು ಸಾಧ್ಯವೇ ಇರಲಿಲ್ಲ. ಇದೇನು ಹಿಟ್ಟು ಎಂದು ಕೇಳಿದೆ. ಮಡುವಾ ಎಂದರು. ಬಡವರ ಕಾಳು, ಈಗ ಯಾರೂ ದಿನಾ ತಿನ್ನುವುದಿಲ್ಲ, ಈ ಹಬ್ಬಕ್ಕೆ ಮಾತ್ರ ಬೇಕು ಎಂದು ಡಬ್ಬಿ ತೆರೆದು ತೋರಿಸಿದರು. ಚಿಟಿಕೆ ತೆಗೆದು ನಾಲಿಗೆಗಿಟ್ಟುಕೊಂಡೆ. ರಾಗಿ. ಪಕ್ಕದ ಬಾಣಲೆಯಲ್ಲಿ ನೋನಿ ಎಂಬ ಸೊಪ್ಪು ಬೇಯುತ್ತಿತ್ತು. ಬೇಯಿಸದ ಒಂದು ಕಡ್ಡಿ ನೆಲದ ಮೇಲೆ ಬಿದ್ದಿತ್ತು, ಎತ್ತಿಕೊಂಡು ನೋಡಿದೆ: ಕೆಂಪು ದಂಟು, ದಪ್ಪನೆಯ ಪುಟ್ಟ ಎಲೆ. ನಮ್ಮ ಗದ್ದೆಯ ಬದುವಿನಲ್ಲಿ ಅವ್ವ ಮಡಿಲು ತುಂಬ ಕಿತ್ತು ತರುವ ಗೋಣಿ ಸೊಪ್ಪು.

ಎರಡು ವರ್ಷದಿಂದ ನಾನು ಊರಿನಿಂದ 5 ಕಿಲೋ, 3 ಕಿಲೋ ಹಿಟ್ಟು ಹೊತ್ತು ತಂದು ಹುಳು ಬೀಳಿಸುತ್ತಿದ್ದೆ. ಅದು ಹದಿನಾಲ್ಕು ಮೆಟ್ಟಿಲ ಕೆಳಗೆ ಡಬ್ಬಿಯಲ್ಲಿತ್ತು. ಕೇಳಿದ್ದರೆ ಸಿಗುತ್ತಿತ್ತು ಎಂದು ಹೇಳಲಾರೆ, ವರ್ಷದಲ್ಲಿ ಎಲ್ಲ ಕಾಲದಲ್ಲೂ ಅಲ್ಲಿ ಅದು ಸಿಗುವುದೂ ಇಲ್ಲ. ಆದರೆ ನಾನು ಕೇಳಿರಲಿಲ್ಲ. ಅವರು ತಟ್ಟೆಗೆ ಎರಡು ರೊಟ್ಟಿ, ಸೊಪ್ಪು ಹಾಕಿಕೊಟ್ಟರು. ತಿನ್ನುತ್ತ, ನಮ್ಮಲ್ಲಿ ಇದನ್ನು ರೊಟ್ಟಿಗಿಂತ ಬೇರೆ ಥರ ಮಾಡುತ್ತಾರೆ ಎಂದೆ. ಹೇಗೆ ಎಂದರು. ಬಾಯಲ್ಲಿ ಹೇಳಲು ಬರದೆ ಮೇಲೆ ಓಡಿ ಹೋಗಿ ಕೋಲು ತಂದೆ. ಅವರ ದೊಡ್ಡ ಹಿತ್ತಾಳೆ ಪಾತ್ರೆಯಲ್ಲಿ, ಪಕ್ಕದ ಮನೆಯ ಮೂವರು ಮಕ್ಕಳನ್ನೂ ಲೆಕ್ಕಕ್ಕೆ ಹಿಡಿದು, ಆರು ಮುದ್ದೆಯ ಹಿಟ್ಟಿಟ್ಟೆ. ಪಾತ್ರೆ ಅಲುಗಲಿಲ್ಲ. ಮುದ್ದೆ ಚೆನ್ನಾಗಿ ಬಂದಿತ್ತು. ಮಕ್ಕಳು ಒಂದು ತುತ್ತು ಬಾಯಿಗಿಟ್ಟು ಅಗಿದರು, ಅಗಿಯಬೇಡಿ ನುಂಗಿ ಎಂದರೆ ಕಣ್ಣರಳಿಸಿದರು, ಒಬ್ಬ ಉಗುಳಿದ. ಆಕೆ ಮಾತ್ರ ಒಂದು ಪೂರ್ತಿ ಉಂಡು, ಹೊಟ್ಟೆ ಮುಟ್ಟಿಕೊಂಡು, ನಾಳೆಯ ಉಪವಾಸಕ್ಕೆ ಇದು ಒಳ್ಳೆಯದು ಎಂದರು. ಅಂದು ರಾತ್ರಿ ಅವ್ವನಿಗೆ ಏನು ಉಂಡೆ ಎಂದು ನಿಜ ಹೇಳಿದರೆ ಅವಳು ನಂಬಲಿಲ್ಲ. ಸುಳ್ಳು ಹೇಳ್ಬ್ಯಾಡ ಎಂದಳು.

ಅಲ್ಲಿಂದ ಮುಂದಿನ ಹತ್ತು ತಿಂಗಳು ನಾನು ಏನೇನು ಕೇಳಿದೆನೆಂದರೆ ಈಗ ನಗು ಬರುತ್ತದೆ. ಉಪ್ಪು ಕೇಳಿದೆ, ಇಸ್ತ್ರಿ ಪೆಟ್ಟಿಗೆ ಕೇಳಿದೆ, ಹಾಲಿನವನಿಗೆ ಹೇಳಿ ಎಂದು ಕೇಳಿದೆ, ನವಾಸಿ ಎಂದರೆ ಎಷ್ಟು ಎಂದು ಪಕ್ಕದ ಮನೆಯ ಹುಡುಗನನ್ನು ಕೇಳಿದೆ. ಅವರೂ ಕೇಳಿದರು: ಪಿಂಚಣಿಯ ಕಾಗದ, ಸೂರತ್ತಿಗೆ ಹಣ ಹಾಕುವ ಬಗೆ, ರಾತ್ರಿ ಕದದ ಸದ್ದಾದರೆ ಕೋಲು ಹಿಡಿದು ಕೆಳಗಿಳಿಯುವುದು. 2018ರ ಜುಲೈನಲ್ಲಿ ವರ್ಗಾವಣೆ ಬಂತು. ಅದೇ ವಾರ ಅಪ್ಪ ಫೋನು ಮಾಡಿ, ನಾನು ಹೇಳುವ ಮೊದಲೇ, "ಕಟ್ಟೆ ತುಂಬ್ತು ಕಲಾ" ಎಂದರು. ವರ್ಷಗಳ ಮೇಲೆ ತುಂಬಿತ್ತು. ನಾನು ಬರುತ್ತಿದ್ದೇನೆ ಎಂದೆ. ಹೂಂ, ನಾಲೆಗೂ ಬಿಟ್ಟವ್ರೆ ಎಂದರು. ಕೋಲನ್ನು ಗಾಜಿಪುರದಲ್ಲೇ ಬಿಟ್ಟು ಬಂದೆ.

ಬಲಿಯಾ ಕಡೆಯ ಆ ಹುಡುಗನ ಕೋಣೆಗೆ ಹೋದ ಭಾನುವಾರ ಹೋಗಿದ್ದೆ. ಹೇಳದೆ ಹೋಗಿದ್ದರಿಂದ ಗಾಬರಿಯಾದ. ಒಂದು ಚಾಪೆ, ಒಂದು ತಟ್ಟೆ, ಒಂದು ಚಮಚ, ಕಿಟಕಿಯಲ್ಲಿ ಸತ್ತು ಎಂಬ ಹುರಿಗಡಲೆ ಹಿಟ್ಟಿನ ಖಾಲಿ ಪೊಟ್ಟಣ. ಚಹಾ ಮಾಡಿದ. ಇದ್ದ ಒಂದೇ ಲೋಟವನ್ನು ನನಗೆ ಕೊಟ್ಟು, ತನ್ನದನ್ನು ಹಾರ್ಲಿಕ್ಸ್ ಡಬ್ಬಿಯ ಮುಚ್ಚಳಕ್ಕೆ ಬಗ್ಗಿಸಿಕೊಂಡು, ಬಿಸಿಗೆ ಬೆರಳು ಬದಲಾಯಿಸುತ್ತ ಕುಡಿದ. ಕೆಳಗಿನ ಮನೆಯವರು ಹೇಗೆ ಎಂದು ಕೇಳಿದೆ. ಒಳ್ಳೆಯವರೇ ಸರ್, ನಾನು ಅವರಿಗೆ ತೊಂದರೆ ಕೊಡುವುದಿಲ್ಲ ಎಂದ. ಊಟ ಆಯಿತೇ ಎಂದೆ. ಕನ್ನಡದಲ್ಲಿಯೇ, ಥಟ್ಟನೆ, "ಆಯ್ತು ಸರ್" ಎಂದ. ಮೂಲೆಯ ಒಲೆಯ ಮೇಲೆ ಚಹಾದ ಪಾತ್ರೆ ಬಿಟ್ಟರೆ ಬೇರೇನೂ ಇರಲಿಲ್ಲ. ಕುಕ್ಕರು ಗೋಡೆಯ ಮೊಳೆಗೆ ಒಣಗಿ ನೇತಾಡುತ್ತಿತ್ತು. ಸತ್ತು ಎಲ್ಲಿ ಸಿಗುತ್ತದೆ ಎಂದು ಯಾರನ್ನಾದರೂ ಕೇಳಿದೆಯಾ ಎಂದೆ. ಇಲ್ಲ ಸರ್, ಇಲ್ಲಿ ಸಿಗುವುದಿಲ್ಲವಂತೆ ಎಂದ. ಚಪ್ಪಲಿ ಮೆಟ್ಟಿಕೋ, ಸಂತೆ ಬೀದಿಯ ಗಿರಣಿಯಲ್ಲಿ ಹುರಿಗಡಲೆ ಬೀಸಿಕೊಡುತ್ತಾರೆ, ಕೇಳಿ ನೋಡೋಣ ಬಾ ಎಂದೆ. ಮೆಟ್ಟಿಲಿಳಿಯುವಾಗ ಕೆಳಗಿನ ಮನೆಯ ಕಿಟಕಿಯ ಪರದೆ ಸ್ವಲ್ಪ ಸರಿದು ಮತ್ತೆ ಮುಚ್ಚಿಕೊಂಡಿತು.